ಅಜ್ಜಿಯ ಅಂಗಾಲು, ನನ್ನ ಕೆಂಪು ನೆಲ

ಟಿಕ್ ಟಿಕ್ ಟಿಕ್, ಟಕ್. ಮೂರು ಸಣ್ಣ ಏಟು, ಒಂದು ಭಾರದ ಏಟು, ಆಮೇಲೆ ಬಾಯಿಂದ ಉಫ್ ಎಂದು ಕಲ್ಲಿನ ಪುಡಿ ಊದುವ ಸದ್ದು. ಶಿಡ್ಲಘಟ್ಟದ ನಮ್ಮ ಬೀದಿಗೆ ಮೂರು ನಾಲ್ಕು ತಿಂಗಳಿಗೊಮ್ಮೆ ಕಲ್ಲು ಕುಟ್ಟುವವಳು ಬರುತ್ತಿದ್ದಳು. ರುಬ್ಬಿ ರುಬ್ಬಿ ನುಣುಪಾದ ಒರಳುಕಲ್ಲಿಗೆ, ರಾಗಿ ಬೀಸುವ ಕಲ್ಲಿಗೆ ಉಳಿಯಿಂದ ಹೊಡೆದು ಮತ್ತೆ ತರಿ ಏಳಿಸುವುದು ಅವಳ ಕಸುಬು. ಚಿಂತಾಮಣಿ ಕಡೆಯವಳು, ಅಂಬಾಜಿದುರ್ಗದ ಕೆಳಗಿನ ಯಾವುದೋ ಹಳ್ಳಿ. ಅರ್ಧ ತೆಲುಗು, ಅರ್ಧ ಕನ್ನಡ. ನುಣುಪಾದ ಕಲ್ಲು ಕೆಲಸಕ್ಕೆ ಬಾರದು ಎಂಬುದು ನಮ್ಮ ಬೀದಿಯ ಪ್ರತಿ ಹೆಂಗಸಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ ಕೆಲಸವೊಂದಿದೆ. ಅದನ್ನು ಈ ಎಂಬತ್ತರ ವಯಸ್ಸಿನಲ್ಲಾದರೂ ಬರೆದಿಡಬೇಕು.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಊರಾಚೆ ಹಿಪ್ಪುನೇರಳೆ ತೋಟ, ಊರೊಳಗೆ ಉದ್ದನೆಯ ಹೆಂಚಿನ ಮನೆ. ಮುಂದೆ ಜಗಲಿ, ಅದರ ಹಿಂದೆ ನಡುಮನೆ, ನಡುಮನೆಯಿಂದ ಹಿತ್ತಲಿಗೆ ಹೋಗುವ ಒಂದು ಓಣಿ. ಓಣಿಯ ಎಡಕ್ಕೆ ಹುಳುವಿನ ಕೋಣೆ, ಬಲಕ್ಕೆ ಅಡುಗೆಮನೆ, ಕೊನೆಯಲ್ಲಿ ಎರಡು ಮೆಟ್ಟಿಲು ಇಳಿದರೆ ಬಚ್ಚಲು. ಇಡೀ ಮನೆಯಲ್ಲಿ ಒಳ್ಳೆಯ ಕೋಣೆ ಅಂದರೆ ಹುಳುವಿನದೇ. ಗಾಳಿಗೆ ಎದುರುಬದುರು ಕಿಟಕಿ, ಬೇಸಿಗೆಯಲ್ಲಿ ಕಿಟಕಿಗೆ ಒದ್ದೆ ಗೋಣಿ, ಚಳಿಯಲ್ಲಿ ಕೆಂಡದ ಅಗ್ಗಿಷ್ಟಿಕೆ. ಹುಳು ಸಾಕುವ ತಟ್ಟೆ ಇಡುವ ಸ್ಟ್ಯಾಂಡಿನ ಕಾಲುಗಳ ಕೆಳಗೆ ಇರುವೆ ಹತ್ತದಂತೆ ನೀರಿನ ಬಟ್ಟಲು. ಸ್ನಾನ ಮಾಡದೆ ಯಾರೂ ಒಳಗೆ ಕಾಲಿಡುವಂತಿರಲಿಲ್ಲ. ಹುಳುವಿಗೆ ಬೇಕಾದ್ದನ್ನೆಲ್ಲ ನಮ್ಮಪ್ಪ ಕೇಳದೆಯೇ ಅರ್ಥ ಮಾಡಿಕೊಳ್ಳುತ್ತಿದ್ದರು.

ಅಜ್ಜಿಯ ಮಂಚ ನಡುಮನೆಯ ಕತ್ತಲ ಮೂಲೆಯಲ್ಲಿತ್ತು. ಅಪ್ಪನ ತಾಯಿ. ಎರಡೂ ಕಣ್ಣಿಗೆ ಪೊರೆ ಬಂದು, ಒಂದಕ್ಕೆ ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿ, ಅದು ಕೈಕೊಟ್ಟ ಮೇಲೆ ಇನ್ನೊಂದನ್ನು ಮುಟ್ಟಲು ಅವಳು ಬಿಡಲಿಲ್ಲ. ಬೆಳಕು ಕತ್ತಲೆ ತಿಳಿಯುತ್ತಿತ್ತು, ಅಷ್ಟೆ. ಆದರೂ ಯಾರ ಕೈಯನ್ನೂ ಹಿಡಿಯದೆ ಮನೆಯೆಲ್ಲ ಓಡಾಡುತ್ತಿದ್ದಳು. ಬಚ್ಚಲಿಗೆ ಹೋಗಿ ಬಂದು, ಕಾಲು ತೊಳೆದು, ಸೊಂಟಕ್ಕೆ ಸೆರಗು ಸಿಕ್ಕಿಸಿ ಅವರೆಕಾಯಿ ಬಿಡಿಸಲು ಕೂರುತ್ತಿದ್ದಳು. ಅವಳ ಕಣ್ಣು ಹೋಗಿದೆ ಎಂಬುದು ಹೊಸದಾಗಿ ಬಂದವರಿಗೆ ತಿಳಿಯುತ್ತಲೇ ಇರಲಿಲ್ಲ.

ಅದು ಹೇಗೆ ಎಂದು ನಾನು ಏಳೆಂಟು ವರ್ಷದವಳಿದ್ದಾಗ ಒಮ್ಮೆ ಕೇಳಿದ್ದೆ.

"ಕಣ್ಣು ಮುಚ್ಕೊ, ನನ್ನ ಸೆರಗು ಹಿಡ್ಕೊ," ಎಂದು ಮಂಚದಿಂದ ಹೊರಟಳು. "ಏನು ಸಿಕ್ತು ಕಾಲಿಗೆ?"

"ತಣ್ಣಗಿದೆ ಅಜ್ಜಿ."

"ಅದು ದೊಡ್ಡ ಚಪ್ಪಡಿ. ಈಗ?"

"ಒರಟು ಒರಟು."

"ಸಗಣಿ ಸಾರಿಸಿದ ನೆಲ. ಇನ್ನು ಹೊಸ್ತಿಲು ಬರುತ್ತೆ, ಕಾಲೆತ್ತು. ದಾಟಿದ್ಯಾ? ಈಗ ಒಡೆದ ಕಲ್ಲು ಬರುತ್ತೆ ನೋಡು. ಅದು ಸಿಕ್ಕಿದ್ರೆ ಎಡಗಡೆ ಹುಳೀನ ಕೋಣೆ. ಅಲ್ಲಿ ತಿರುಗ್ಬಾರ್ದು. ಇನ್ನು ಆರು ಹೆಜ್ಜೆ ಹಾಕು, ಮೆಟ್ಲು." ಬಚ್ಚಲ ಬಾಗಿಲಲ್ಲಿ ನಿಂತು ನನ್ನ ತಲೆ ಮೇಲೆ ಮೊಟಕಿದಳು. "ನಿಮ್ಗೆಲ್ಲಾ ಕಣ್ಣಿದೆ, ಅದಕ್ಕೇ ಕಾಲು ಪೆದ್ದು ಕಣೇ."

ಅದನ್ನೊಂದು ಆಟ ಅಂದುಕೊಂಡೆ. ಮರೆತೆ.

ಹತ್ತನೆಯ ವಯಸ್ಸಿಗೆ ನನ್ನನ್ನು ಬೆಂಗಳೂರಿನ ಕಾನ್ವೆಂಟಿಗೆ ಹಾಕಿದರು. ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರ, ಯಲಹಂಕ ದಾಟಿ ಹೋಗುವ ಆ ಪುಟ್ಟ ರೈಲಿನಲ್ಲಿ ಟ್ರಂಕಿನ ಮೇಲೆ ಕೂತು ಅತ್ತುಕೊಂಡು ಹೋದೆ. ನಾಲ್ಕು ವರ್ಷದಲ್ಲಿ ಅಳು ನಿಂತು ಜಂಬ ಬಂತು. ಹೌಸ್‌ಕ್ರಾಫ್ಟ್ ಎಂಬ ಕ್ಲಾಸಿನಲ್ಲಿ ಸಿಸ್ಟರ್ ನಮಗೆ ಆದರ್ಶ ಮನೆಯ ಡ್ರಾಯಿಂಗ್ ಬರೆಸುತ್ತಿದ್ದರು. ಲೈಟ್ ಇರಬೇಕು, ಏರ್ ಇರಬೇಕು, ಧೂಳು ನಿಲ್ಲುವ ಮೂಲೆ ಇರಬಾರದು, ಮುದುಕರು ಎಡವುವ ಮೆಟ್ಟಿಲು ಇರಬಾರದು, ಎಲ್ಲಕ್ಕಿಂತ ಮುಖ್ಯ ಸಗಣಿಯ ನೆಲ ಇರಕೂಡದು. ಹೈಜೀನ್. ಕಾನ್ವೆಂಟಿನ ಕಾರಿಡಾರಿನ ಕೆಂಪು ನೆಲದಲ್ಲಿ ಕಿಟಕಿಯ ನೆರಳು ನೀರಿನಲ್ಲಿ ಬಿದ್ದ ಹಾಗೆ ಬೀಳುತ್ತಿತ್ತು. ಅಂಥದೊಂದು ಮನೆ ಬರೆದು, ನಡುವೆ ಕನ್ನಡಕದ ಅಜ್ಜಿಯೊಬ್ಬಳನ್ನು ಕೂರಿಸಿ, ಕೆಳಗೆ 'ಎ ಹೋಮ್ ಫಾರ್ ಗ್ರ್ಯಾಂಡ್‌ಮದರ್' ಎಂದು ಬರೆದೆ. ಪ್ರೈಜ್ ಬಂತು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಆ ಬೇಸಿಗೆಯಲ್ಲಿ ನಡುಮನೆಯ ಗೋಡೆ ಬಿರುಕು ಬಿಟ್ಟು ರಿಪೇರಿ ಬಂದಿತ್ತು. ಅಪ್ಪ ನನ್ನ ಡ್ರಾಯಿಂಗನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಅಜ್ಜಿಗೇ ಅಂತ ಬರ್ದಿದೀಯಾ?"

"ಹೂಂ. ಇಷ್ಟು ವಯಸ್ಸಾದ್ಮೇಲೆ ಹೊಸ್ತಿಲು ಎಡವಿ ಬಿದ್ರೆ ಏನ್ಮಾಡೋದಪ್ಪ? ಎಲ್ಲಾ ಒಂದೇ ಲೆವೆಲ್ ಆಗ್ಬೇಕು. ಬಚ್ಚಲಿನ ಮೆಟ್ಲು ತೆಗ್ದು ಸ್ಲೋಪ್ ಮಾಡ್ಸಿ."

ಹೊಸ್ತಿಲು ತೆಗೆಯುವುದು ಎಂದಾಗ ಅಮ್ಮ ಅಡುಗೆಮನೆಯಿಂದ ಹೊರಗೆ ಬಂದಳು. ಬೀದಿ ಬಾಗಿಲ ಹೊಸ್ತಿಲು ಹಾಗೇ ಇರಲಿ, ಒಳಗಿನದನ್ನು ತೆಗೆದರೆ ದೋಷವಿಲ್ಲ ಎಂದು ಪುರೋಹಿತರು ಹೇಳಿದ ಮೇಲೆ ಸುಮ್ಮನಾದಳು. "ಅವರನ್ನೊಂದು ಮಾತು ಕೇಳ್ಬೇಡ್ವಾ?" ಎಂದು ಮಾತ್ರ ಅಂದಳು. ಅವರು ಅಂದರೆ ಅಜ್ಜಿ. ಕೇಳಬಾರದು, ಸರ್‌ಪ್ರೈಸ್ ಕೊಡೋಣ ಎಂದವಳು ನಾನು. ಗಾರೆಯ ಧೂಳು ಬೇಡ ಎಂದು ಅಜ್ಜಿಯನ್ನು ಗೌರಿಬಿದನೂರಿನ ನನ್ನ ಸೋದರತ್ತೆಯ ಮನೆಗೆ ಒಂದು ತಿಂಗಳು ಕಳಿಸಿದರು.

ಮೇಸ್ತ್ರಿಯನ್ನು ಚಿಂತಾಮಣಿಯಿಂದ ಕರೆಸಿದ್ದರು. ಬಿಳಿ ಗಡ್ಡದ ಸಾಹೇಬರು, ಕರಣೆ ಹಿಡಿದರೆ ನೆಲದ ಕೆಂಪು ಗಾರೆಯನ್ನು ಕೂದಲು ನೇವರಿಸಿದಂತೆ ನೇವರಿಸುತ್ತಿದ್ದರು. ನಾನು ದಿನಕ್ಕೆ ಹತ್ತು ಸಲ ಹೋಗಿ, ಇನ್ನೂ ಶೈನ್ ಬರಬೇಕು ಎನ್ನುತ್ತಿದ್ದೆ.

"ಏನ್ ಬೇಟಿ, ನಿನಗೆ ನೆಲ ಬೇಕಾ ಕನ್ನಡಿ ಬೇಕಾ?"

"ಎರಡೂ ಬೇಕು ಸಾಬ್."

"ತೊಗೋ ಹಂಗಾದ್ರೆ. ನಿನ್ನ ಮದುವೆ ದಿನ ಇದ್ರಾಗೇ ನೋಡ್ಕೊಂಡು ತಲೆ ಬಾಚ್ಕೋ."

ಬಚ್ಚಲಿನ ಸ್ಲೋಪಿಗೂ ಅಷ್ಟೇ ಪ್ರೀತಿಯಿಂದ ಹೊಳಪು ಕೊಟ್ಟರು. ನೀರು ಬೀಳುವ ಕಡೆ ಅಷ್ಟು ನುಣುಪು ಬೇಡ ಎಂದು ಅವರು ಒಮ್ಮೆ ಅನುಮಾನದಿಂದ ಅಂದದ್ದು ನಿಜ. ಎಲ್ಲಾ ಮ್ಯಾಚ್ ಆಗಬೇಕು ಎಂದವಳು ನಾನೇ.

ಅಜ್ಜಿ ಬಂದಳು. ಗೌರಿಬಿದನೂರಿನಿಂದ ಬಸ್ಸು, ಚಿಕ್ಕಬಳ್ಳಾಪುರದಿಂದ ಪುಟ್ಟ ರೈಲು, ಸ್ಟೇಷನ್ನಿನಿಂದ ಜಟಕಾ. ಬೀದಿ ಬಾಗಿಲ ಹೊಸ್ತಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಕಾಲಿಟ್ಟು, ನಿಂತುಬಿಟ್ಟಳು. ನಾನು ಬಾಯಿಗೆ ಕೈ ಅಡ್ಡ ಹಿಡಿದು ಕಾಯುತ್ತಿದ್ದೆ. ಅಜ್ಜಿ ಒಂದು ಕಾಲನ್ನು ನೆಲದ ಮೇಲೆ ಆಚೆಗೊಮ್ಮೆ ಈಚೆಗೊಮ್ಮೆ ಎಳೆದಳು. ಮತ್ತೆ ನಡೆದಳು. ನಡುಮನೆ ದಾಟುವಲ್ಲಿ, ಹೊಸ್ತಿಲಿದ್ದ ಜಾಗದಲ್ಲಿ, ವಾಡಿಕೆಯಂತೆ ಕಾಲನ್ನು ಎತ್ತರಕ್ಕೆ ಎತ್ತಿ ಇಟ್ಟಳು. ಅಲ್ಲಿ ಏನೂ ಇರಲಿಲ್ಲ. ಮೈಯೆಲ್ಲ ಜರ್ಕ್ ಹೊಡೆದು ಗೋಡೆ ಹಿಡಿದುಕೊಂಡಳು.

ನಾನು ನಕ್ಕೆ. ಅದನ್ನು ಬರೆಯುವುದಕ್ಕೆ ಇಷ್ಟು ವರ್ಷ ಬೇಕಾಯಿತು. ಜೋರಾಗಿ ನಕ್ಕೆ.

ಅಜ್ಜಿಯೂ ಸಣ್ಣಗೆ ನಕ್ಕಳು. "ನುಣ್ಣಗಿದೆ ಕಣಮ್ಮ. ಚೆನ್ನಾಗಿದೆ. ನೀನು ಮಾಡಿಸ್ದೆ ಅಂತಲ್ಲ?"

ಮೂರನೆಯ ದಿನ ಬೆಳಿಗ್ಗೆ ಹುಳುವಿನ ಕೋಣೆಯಿಂದ ಬಟ್ಟಲು ಉರುಳಿದ ಸದ್ದು ಕೇಳಿ ಎಲ್ಲರೂ ಓಡಿದೆವು. ಹುಳುಗಳು ನಾಲ್ಕನೆಯ ಜ್ವರಕ್ಕೆ ಕೂತಿದ್ದವು. ಜ್ವರ ಅಂದರೆ ಕಾಯಿಲೆಯಲ್ಲ, ಹುಳು ಸೊಪ್ಪು ಬಿಟ್ಟು, ತಲೆಯೆತ್ತಿ, ಅಲುಗದೆ ಪೊರೆ ಕಳಚುವ ಸಮಯ. ಆಗ ಮನೆಯವರು ಕೆಮ್ಮಲೂ ಹೆದರುತ್ತಾರೆ. ಬಚ್ಚಲಿಗೆ ಹೊರಟ ಅಜ್ಜಿ ಎಡಕ್ಕೆ ತಿರುಗಿ ಅಲ್ಲಿಗೆ ಬಂದಿದ್ದಳು. ಸ್ಟ್ಯಾಂಡಿಗೆ ಡಿಕ್ಕಿ ಹೊಡೆದು, ಒಂದು ತಟ್ಟೆ ಕವುಚಿ, ಅದರ ಮುಂದೆ ಎರಡೂ ಕೈ ಮುಂಚಾಚಿ ನಿಂತಿದ್ದಳು. ಸೀರೆ ಒದ್ದೆಯಾಗಿತ್ತು. ಅದು ಬಟ್ಟಲಿನ ನೀರೇ ಎಂದು ಎಲ್ಲರೂ ನಟಿಸಿದೆವು.

ಅಪ್ಪ ತಾಯಿಗೆ ಎಂದೂ ದನಿ ಎತ್ತಿದವರಲ್ಲ. ಅವತ್ತು ಎತ್ತಿದರು. "ಏನಮ್ಮ ಇದು! ನಲವತ್ತು ವರ್ಷದಿಂದ ಇರೋ ಮನೇಲಿ ಬಚ್ಚಲು ಎಲ್ಲಿದೆ ಗೊತ್ತಾಗಲ್ವಾ?"

"ಒಡೆದ ಕಲ್ಲು ಸಿಗ್ಲಿಲ್ಲ ಕಣೋ," ಎಂದಳು ಅಜ್ಜಿ.

ಅಪ್ಪನಿಗೆ ಅದೇನೆಂದು ತಿಳಿಯಲಿಲ್ಲ. ನನಗೆ ತಿಳಿಯಿತು. ಅವಳ ಸೆರಗು ಹಿಡಿದು ಕಣ್ಣು ಮುಚ್ಚಿ ನಡೆದಿದ್ದೆನಲ್ಲ. ಆ ಒಡೆದ ಕಲ್ಲನ್ನು 'ಅಗ್ಲಿ', ವಿಕಾರ ಎಂದು ಬೆರಳು ತೋರಿಸಿ ಕೀಳಿಸಿದವಳೂ ನಾನೇ.

ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ವಾರ ಕಳೆಯುವುದರೊಳಗೆ ಅವಳು ಸ್ಲೋಪಿನಲ್ಲಿ ಜಾರಿ ಕೂತಳು. ಮೂಳೆ ಮುರಿಯಲಿಲ್ಲ, ಮಣಿಕಟ್ಟು ಊದಿಕೊಂಡಿತು. ಆಮೇಲೆ ಅಮ್ಮ ಅವಳನ್ನು ಒಂಟಿಯಾಗಿ ಬಿಡಲಿಲ್ಲ. ಅಮ್ಮನಿಗೂ ಎಷ್ಟು ಕೆಲಸ. ಹಾಸ್ಪಿಟಲಿನಲ್ಲಿ ಬೆಡ್‌ಪ್ಯಾನ್ ಅಂತ ಇರುತ್ತೆ ಎಂದು ನಾನೇ ಜಾಣತನ ತೋರಿಸಿ ಚಿಕ್ಕಬಳ್ಳಾಪುರದಿಂದ ಎನಾಮೆಲ್ ಬೇಸಿನ್ ತರಿಸಿದೆ. ಅದನ್ನು ಮಂಚದ ಕೆಳಗೆ ಇಟ್ಟೆವು. ನಡುಮನೆಯಲ್ಲಿ, ಬಂದು ಹೋಗುವವರ ದಾರಿಯಲ್ಲಿ.

ಆಮೇಲಿಂದ ಅಜ್ಜಿಯ ಚೊಂಬಿನ ನೀರು ಸಂಜೆಗೂ ತುಂಬಿದ ಹಾಗೇ ಇರುತ್ತಿತ್ತು. ಆ ಮೇ ತಿಂಗಳ ಸೆಕೆಯಲ್ಲಿ ಅವಳ ತುಟಿ ಸಿಪ್ಪೆ ಎದ್ದಿತ್ತು.

"ಯಾಕಜ್ಜಿ ನೀರು ಕುಡಿದಿಲ್ಲ?"

"ದಾಹ ಇಲ್ಲ ಕಣಮ್ಮ."

ಅಡುಗೆಮನೆಯಲ್ಲಿ ಅಮ್ಮ ನನ್ನ ಮುಖ ನೋಡದೆ ಅಂದಳು, "ಕುಡಿದ್ರೆ ಹೋಗ್ಬೇಕಲ್ಲ."

ಸುದ್ದಿ ತಿಳಿದು ಗೌರಿಬಿದನೂರಿನಿಂದ ಅತ್ತೆ ಬಂದಳು. ಬಂದವಳೇ ಜಗಲಿಯ ಮೇಲೆ ಅಪ್ಪನ ಜೊತೆ ಜಗಳ ಹಿಡಿದಳು. "ನಿನ್ನ ಹುಳೀಗಿರೋ ಭಾಗ್ಯ ನಮ್ಮಮ್ಮನಿಗಿಲ್ಲ ಅಲ್ವಣ್ಣ? ಶುಕ್ರವಾರ ಕರ್ಕೊಂಡು ಹೋಗ್ತೀನಿ. ನನ್ನದು ಎರಡೇ ರೂಮು, ಕೈ ಚಾಚಿದ್ರೆ ಬಚ್ಚಲು."

"ಕರ್ಕೊಂಡು ಹೋಗು. ನಾನೇನು ಕಟ್ಟಿಹಾಕಿದೀನಾ?" ಎಂದ ಅಪ್ಪ ಎದ್ದು ತೋಟಕ್ಕೆ ಹೋದರು. ಅವರ ಕಿವಿ ಕೆಂಪಾಗಿತ್ತು.

ಒಳಗೆ ಅಜ್ಜಿ ನನ್ನ ಕೈ ಹುಡುಕಿ ಹಿಡಿದಳು. "ಅಲ್ಲಿ ನಾನು ನೆಂಟಳು ಕಣೇ. ನೆಂಟರ ಮನೇಲಿ ಎಷ್ಟು ದಿನ ಅಂತ ಇರೋದು? ನನ್ನ ಬಚ್ಚಲಿಗೆ ನಾನೇ ಹೋಗೋ ಹಂಗಾದ್ರೆ ನನ್ನ ಯಾರೂ ಕರ್ಕೊಂಡು ಹೋಗೋಕಾಗಲ್ಲ." ಕೋಪವಿರಲಿಲ್ಲ ಆ ಮಾತಿನಲ್ಲಿ. ಕೋಪವಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಬುಧವಾರ ಬೆಳಿಗ್ಗೆ ಬೀದಿಯಲ್ಲಿ ಕೂಗು ಕೇಳಿತು. "ಕಲ್ಲು ಕುಟ್ಟೋದೂ... ಒಳ್ಳು ಕಲ್ಲು ಕುಟ್ಟೋದೂ..." ಅಮ್ಮ ಅವಳನ್ನು ಹಿತ್ತಲಿಗೆ ಕರೆದು ಒರಳುಕಲ್ಲು ತೋರಿಸಿ, ಅತ್ತೆಯ ಜೊತೆ ಸಂತೆಗೆ ಹೋದಳು. ನಾನು ಅಜ್ಜಿಯನ್ನು ಕೈಹಿಡಿದು ತಂದು ಹಿತ್ತಲ ನೆರಳಲ್ಲಿ ಕೂರಿಸಿದೆ. ಟಿಕ್ ಟಿಕ್ ಟಿಕ್, ಟಕ್. ಉಫ್. ಕೆಲಸ ಮುಗಿದಾಗ ಅಜ್ಜಿ ಕಲ್ಲಿನ ಮೇಲೆ ಅಂಗೈ ಆಡಿಸಿ ನೋಡಿದಳು. ಆಮೇಲೆ, ಎಷ್ಟೋ ಹೊತ್ತು ಯೋಚಿಸಿದವಳ ಹಾಗೆ, "ಅಮ್ಮಯ್ಯ, ಇದೇ ಥರ ಒಳಗಡೆ ನೆಲಾನೂ ಕುಟ್ತೀಯಾ?" ಎಂದಳು.

ಕಲ್ಲು ಕುಟ್ಟುವವಳು ಇಣುಕಿ ನೋಡಿ ಹೌಹಾರಿದಳು. "ಅಯ್ಯೋ ಅವ್ವಾ! ಅದ್ದಂ ಮಾದಿರಿ, ಕನ್ನಡಿ ಮಾದಿರಿ ನೆಲ! ಅದನ್ನ ನಾನು ಕುಟ್ಟಿದ್ರೆ ನಿಮ್ಮಯ್ಯನೋರು ನನ್ನನ್ನೇ ಒಳ್ಳಿಗೆ ಹಾಕಿ ಕುಟ್ತಾರೆ!"

ಅಜ್ಜಿ ನನ್ನ ಕಡೆ ಮುಖ ತಿರುಗಿಸಿದಳು. ಕೇಳಲಿಲ್ಲ. ಕಾಯುತ್ತಿದ್ದಳು.

ಆ ನೆಲ ನನ್ನದಾಗಿತ್ತು. ನನ್ನ ಪ್ರೈಜು, ನನ್ನ ಹೈಜೀನ್. ಬಂದವರೆಲ್ಲ 'ಕಾನ್ವೆಂಟ್ ಹುಡುಗಿ ಪ್ಲ್ಯಾನ್' ಎಂದು ಹೊಗಳಿದ್ದರು. ಹದಿನಾಲ್ಕು ವರ್ಷದವಳಿಗೆ ಅದೆಲ್ಲ ಎಷ್ಟು ದೊಡ್ಡದು ಎಂದು ಈಗ ಹೇಳಿದರೆ ನಗು ಬರಬಹುದು. "ಕುಟ್ಟು," ಎಂದೆ.

ಮೊದಲು ಬಚ್ಚಲಿನ ಸ್ಲೋಪು. ಅದನ್ನು ಅಜ್ಜಿ ಪೂರ್ತಿ ಒರಟು ಮಾಡಿಸಿದಳು. ಆಮೇಲೆ ಓಣಿ, ಅಲ್ಲಿಂದ ಅವಳ ಮಂಚ, ಮಂಚದಿಂದ ಬೀದಿ ಬಾಗಿಲವರೆಗೆ ಒಂದು ದಾರಿ. ಅಜ್ಜಿ ಗೋಡೆ ಹಿಡಿದು ಹಿಂದೆ ಮುಂದೆ ನಡೆದು ಹೇಳುತ್ತಾ ಹೋದಳು. "ಗೋಡೆಯಿಂದ ಒಂದು ಮೊಳ ಬಿಡು. ಎರಡು ಅಂಗೈ ಅಗಲ ಸಾಕು. ಇಲ್ಲಿ ಹೊಸ್ತಿಲಿತ್ತು, ಅಡ್ಡಕ್ಕೆ ಒಂದು ಪಟ್ಟಿ ಹೊಡಿ. ಹುಳೀನ ಕೋಣೆ ಬಾಗಿಲಲ್ಲಿ ಮಾತ್ರ ಕುಟ್ಬೇಡ, ನುಣ್ಣಗೇ ಇರ್ಲಿ. ನುಣ್ಣಗೆ ಸಿಕ್ಕಿದ್ರೆ ದಾರಿ ತಪ್ಪಿದೆ ಅಂತ ನಂಗೆ ಗೊತ್ತಾಗ್ಬೇಕು." ಪ್ರತಿ ಮೊಳ ಮುಗಿದಾಗಲೂ ಅಂಗಾಲಿನಿಂದ ಸವರಿ, "ಇನ್ನೂ ಸ್ವಲ್ಪ" ಎನ್ನುವಳು. ಹೌಸ್‌ಕ್ರಾಫ್ಟ್ ಕ್ಲಾಸಿನಲ್ಲಿ ನಾವು ಲೈಟು ಅಳೆದಿದ್ದೆವು, ಏರ್ ಅಳೆದಿದ್ದೆವು. ಅಂಗಾಲಿಗೆ ಏನು ಬೇಕು ಎಂದು ಯಾರೂ ಕೇಳಿರಲಿಲ್ಲ.

ಮಧ್ಯಾಹ್ನ ಅಪ್ಪ ಬಂದರು. ಕೆಂಪು ಪುಡಿ ಮನೆಯೆಲ್ಲ ಹಾರಿತ್ತು. ಹೊಳೆಯುವ ನೆಲದ ನಡುವೆ ಸಿಡುಬಿನ ಕಲೆಯಂಥ ಒಂದು ದಾರಿ.

"ಯಾರು ಹೇಳಿದ್ದು ಇದನ್ನ?"

"ನಾನಪ್ಪ," ಎಂದೆ.

"ಅವಳಲ್ಲ ಕಣೋ, ನಾನು," ಎಂದಳು ಅಜ್ಜಿ ಮಂಚದಿಂದ. "ಹುಳೀಗೆ ನೀನು ಹೆಂಗೆ ಬೇಕೋ ಹಂಗೆ ಮನೆ ಕಟ್ಟಿದೀಯ, ನಾನು ಯಾವತ್ತಾದ್ರೂ ಅಡ್ಡ ಬಂದಿದೀನಾ?"

ಅಜ್ಜಿ ಎದ್ದಳು. ಸೆರಗು ಸಿಕ್ಕಿಸಿಕೊಂಡು ಆ ದಾರಿ ಹಿಡಿದು ಓಣಿಗೆ ಹೋದಳು, ಅಡ್ಡ ಪಟ್ಟಿಯಲ್ಲಿ ಒಂದು ಗಳಿಗೆ ನಿಂತು ಮುಂದೆ ನಡೆದಳು. ಬಚ್ಚಲ ಬಾಗಿಲು ಹಾಕಿದ ಸದ್ದು ಕೇಳಿತು. ನೀರು ಹುಯ್ದ ಸದ್ದು ಕೇಳಿತು. ವಾಪಸ್ಸು ಬಂದು ಚೊಂಬನ್ನೆತ್ತಿ ಗಟಗಟ ಕುಡಿದಳು. ಸಂತೆಯಿಂದ ಬಂದ ಅತ್ತೆಯ ಎದುರು ಸಂಜೆ ಇನ್ನೊಮ್ಮೆ ಹೋಗಿ ಬಂದಳು. ಶುಕ್ರವಾರ ಅತ್ತೆ ಒಬ್ಬಳೇ ಬಸ್ಸು ಹತ್ತಿದಳು.

ಇಲ್ಲಿಗೆ ನಿಲ್ಲಿಸಬಹುದಿದ್ದರೆ ಚೆನ್ನಾಗಿತ್ತು.

ನೆಂಟರು ಬಂದಾಗ ಅಮ್ಮ ಆ ದಾರಿಯ ಮೇಲೆ ಚಾಪೆ ಹಾಸುತ್ತಿದ್ದಳು. ಮನೆಯ ಮರ್ಯಾದೆ. ಅಂಥ ದಿನಗಳಲ್ಲಿ ಅಜ್ಜಿ ಮಂಚ ಬಿಟ್ಟು ಏಳುತ್ತಿರಲಿಲ್ಲ, ನೀರೂ ಕುಡಿಯುತ್ತಿರಲಿಲ್ಲ. ಅದಕ್ಕಿಂತ ಕೆಟ್ಟದ್ದು, ಒರಳಿನ ತರಿ ಸವೆಯುವಂತೆ ಈ ದಾರಿಯೂ ಸವೆಯುತ್ತಿತ್ತು. ಗಾರೆ ಕಲ್ಲಿಗಿಂತ ಮೆದು, ಮನೆ ತುಂಬ ಜನರ ಕಾಲು. ವರ್ಷಕ್ಕೆರಡು ಸಲವಾದರೂ ಕುಟ್ಟಿಸಬೇಕಿತ್ತು. ನಾನು ರಜಕ್ಕೆ ಬಂದಾಗ ಕುಟ್ಟಿಸುತ್ತಿದ್ದೆ. ಒಂದೆರಡು ಸಲ. ಆಮೇಲೆ ಕಾಲೇಜು ಸೇರಿದೆ, ರಜೆಯಲ್ಲಿ ಗೆಳತಿಯರ ಮನೆ, ಪಿಕ್ನಿಕ್ಕು, ಪರೀಕ್ಷೆ. ಹೊಸದಾಗಿ ಹಿಟ್ಟಿನ ಮಿಲ್ಲು ಬಂದು ಕಲ್ಲು ಕುಟ್ಟುವವಳೂ ಅಪರೂಪವಾದಳು.

ಈಗ ನನ್ನ ಬಾತ್‌ರೂಮಿನಲ್ಲಿ ಗ್ರ್ಯಾಬ್ ಬಾರ್ ಇದೆ, ಕಾಲಿಗೆ ಹಿಡಿಯುವ ಟೈಲ್ಸ್ ಇದೆ. ಹಾಕಿಕೊಟ್ಟ ಹುಡುಗಿ ಆರ್ಕಿಟೆಕ್ಟ್, ಒಳ್ಳೆಯವಳು. ಟೇಪ್ ಹಿಡಿದು ಎಲ್ಲ ಅಳೆದಳು. "ಆಂಟಿ, ನೀವೇನೂ ಯೋಚನೆ ಮಾಡ್ಬೇಡಿ, ನಾವು ನೋಡ್ಕೋತೀವಿ," ಎಂದಳು. ನನ್ನದೇ ಹದಿನಾಲ್ಕರ ದನಿ ಕೇಳಿದಂತಾಯಿತು. ಟೇಪನ್ನು ಕೆಳಗಿಡಿಸಿ, ಅವಳನ್ನು ನನ್ನ ಹಿಂದೆ ಬರಿಗಾಲಿನಲ್ಲಿ ನಡೆಸಿದೆ.

ಅಜ್ಜಿ ಮತ್ತೆ ಬಿದ್ದದ್ದು ಅರವತ್ತರ ದಶಕದ ಮೊದಲ ವರ್ಷಗಳಲ್ಲಿ, ಅದೇ ಸ್ಲೋಪಿನಲ್ಲಿ. ಈ ಸಲ ಸೊಂಟ. ಅತ್ತೆ ಬಂದು ಗೌರಿಬಿದನೂರಿಗೆ ಕರೆದುಕೊಂಡು ಹೋದಳು, ಯಾರೂ ಜಗಳವಾಡಲಿಲ್ಲ. ಕೈ ಚಾಚಿದರೆ ಬಚ್ಚಲು, ಆದರೆ ಅವಳು ಏಳುವ ಸ್ಥಿತಿಯಲ್ಲಿರಲಿಲ್ಲ. ಅಲ್ಲೇ ತೀರಿಕೊಂಡಳು, ನೆಂಟಳಾಗಿ. ನನಗೆ ಪರೀಕ್ಷೆ ಎಂದು ಆಮೇಲೆ ತಿಳಿಸಿದರು.

ನಾನು ಅವಳನ್ನು ಕೊನೆಯ ಸಲ ನೋಡಿದ್ದು ಅದಕ್ಕೆ ಮೂರು ತಿಂಗಳ ಮುಂಚೆ, ರಜೆ ಮುಗಿಸಿ ಬೆಂಗಳೂರಿಗೆ ಹೊರಟ ಬೆಳಿಗ್ಗೆ. ಜಟಕಾ ಬಾಗಿಲಿಗೆ ಬಂದಿತ್ತು, ರೈಲಿಗೆ ಹೊತ್ತಾಗಿತ್ತು. ಅಜ್ಜಿ ಮಂಚದಿಂದ ಬೀದಿ ಬಾಗಿಲವರೆಗೆ ತಾನೇ ಬಂದಳು. ಒಂದೊಂದು ಹೆಜ್ಜೆಗೂ ಪಾದವನ್ನು ನೆಲದ ಮೇಲೆ ಆ ಕಡೆ ಈ ಕಡೆ ಎಳೆದು ಸವೆದ ತರಿಯನ್ನು ಹುಡುಕುತ್ತಿದ್ದಳು. ನಾನು ವಾಚು ನೋಡುತ್ತಿದ್ದೆ.

"ಕಲ್ಲು ಕುಟ್ಟೋಳು ಬಂದ್ರೆ ನಿಲ್ಲಿಸ್ಕೊ ಅಂತ ನಿಮ್ಮಮ್ಮಂಗೆ ಹೇಳ್ಹೋಗಮ್ಮ. ನಾನು ಹೇಳಿದ್ರೆ ಬೇಜಾರು ಮಾಡ್ಕೋತಾಳೆ."

"ಹೇಳ್ತೀನಿ ಅಜ್ಜಿ, ಖಂಡಿತ," ಎಂದು ಕಾಲಿಗೆ ಬಿದ್ದು ಜಟಕಾ ಹತ್ತಿದೆ. ಅಮ್ಮ ಬುತ್ತಿಯ ಡಬ್ಬಿ ಕೊಟ್ಟಳು, ಮುಚ್ಚಳ ಸಡಿಲ ಇದೆ ಎಂದಳು, ನಾನು ಕಾಗದ ಬರೀತೀನಿ ಎಂದೆ. ಗಾಡಿ ಹೊರಟಿತು. ಹೇಳುವುದು ಮರೆತಿದ್ದು ನೆನಪಾದಾಗ ರೈಲು ಚಿಕ್ಕಬಳ್ಳಾಪುರ ದಾಟಿತ್ತು. ಕಾಗದದಲ್ಲಿ ಬರೆದರಾಯಿತು ಎಂದುಕೊಂಡೆ.

ಜಟಕಾ ತಿರುಗುವ ಮೊದಲು ಹಿಂದೆ ನೋಡಿದ್ದೆ. ಅಜ್ಜಿ ಹೊಸ್ತಿಲಿನ ಒಳಗೆ ನಿಂತಿದ್ದಳು, ಮುಖ ಬೀದಿಯ ಕಡೆಗೆ. ಒಳಗೆ ಹೋಗಲು ಆಗಲೇ ಒಂದು ಕಾಲು ಹಿಂದಕ್ಕೆ ಚಾಚಿದ್ದಳು. ಆ ಕಾಲು ನೆಲದ ಮೇಲೆ ನಿಧಾನವಾಗಿ, ಅರ್ಧ ಸುತ್ತಿನಲ್ಲಿ, ತಡಕಾಡುತ್ತಿತ್ತು.